ದಪ್ಪ ದನಿಯ ರೆಕಾರ್ಡರ್ ಊದುವ ಸುಖ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಟ್ಟಿ ಬೆಳೆದದ್ದು ಧಾರವಾಡ, ಈಗ ಇರುವುದು ಜರ್ಮನಿಯ ಒಂದು ಸಣ್ಣ ಊರು. ಏಳು ವರ್ಷದಿಂದ ಪ್ರತಿ ಬುಧವಾರ ಸಂಜೆ ಇಲ್ಲಿನ ಐದು ಜನರ ಹವ್ಯಾಸಿ ಗುಂಪಿನಲ್ಲಿ ಬೇಸ್ ರೆಕಾರ್ಡರ್ ಊದುತ್ತೇನೆ. ಊರಿಂದ ಫೋನ್ ಮಾಡಿದವರು, ಕನ್ನಡ ಕೂಟದ ಯುಗಾದಿ ಊಟದಲ್ಲಿ ಪಕ್ಕದ ಎಲೆಗೆ ಕೂತವರು, ರೈಲಿನಲ್ಲಿ ನನ್ನ ಪೆಟ್ಟಿಗೆ ಕಂಡು ‘ಒಳಗೆ ಏನ್ರೀ’ ಅಂದವರು ಎಲ್ಲರೂ ಹೆಚ್ಚುಕಡಿಮೆ ಇವೇ ಪ್ರಶ್ನೆ ಕೇಳುತ್ತಾರೆ. ಪ್ರತಿಸಲ ಮೊದಲಿನಿಂದ ಶುರುಮಾಡುವ ಬದಲು ಒಂದು ಕಡೆ ಬರೆದಿಟ್ಟರಾಯಿತು ಅಂತ ಕೂತೆ.

ರೆಕಾರ್ಡರ್ ಅಂದ್ರೆ ಟೇಪ್ ರೆಕಾರ್ಡರಾ?

ಅಲ್ಲ. ಟೇಪ್ ರೆಕಾರ್ಡರ್ ಹುಟ್ಟುವುದಕ್ಕೆ ಐನೂರು ವರ್ಷ ಮೊದಲೇ ಇದ್ದ ಊದುವ ವಾದ್ಯ. ಹಳೆಯ ಇಂಗ್ಲಿಷಿನಲ್ಲಿ ‘ರೆಕಾರ್ಡ್’ ಅಂದರೆ ನೆನಪಿನಿಂದ ಮತ್ತೆ ಮತ್ತೆ ಹೇಳು, ಹಕ್ಕಿಯಂತೆ ಮೆಲ್ಲಗೆ ರಾಗ ಎಳೆ ಎಂಬ ಅರ್ಥವೂ ಇತ್ತು. ಹೆಸರು ಅಲ್ಲಿಂದ ಬಂತು. ಜರ್ಮನರು ‘ಬ್ಲಾಕ್‌ಫ್ಲೋಟೆ’ ಅನ್ನುತ್ತಾರೆ, ಅಂದರೆ ಬಿರಡೆಯ ಕೊಳಲು. ಫ್ರೆಂಚರಿಗೆ ಅದು ಕೊಕ್ಕಿನ ಕೊಳಲು. ಇಟಲಿಯವರದ್ದು ನನಗೆ ಎಲ್ಲಕ್ಕಿಂತ ಇಷ್ಟ: ಫ್ಲೌಟೊ ದೋಲ್ಚೆ, ಸಿಹಿ ಕೊಳಲು.

ನಮ್ಮ ಕೊಳಲಿಗೂ ಇದಕ್ಕೂ ಏನು ವ್ಯತ್ಯಾಸ?

ನಮ್ಮ ಕೊಳಲನ್ನು ಅಡ್ಡ ಹಿಡಿದು, ತುಟಿ ಹದಮಾಡಿ, ಉಸಿರನ್ನು ತೂತಿನ ಅಂಚಿಗೆ ನಾವೇ ಗುರಿಯಿಟ್ಟು ಬಿಡಬೇಕು. ರೆಕಾರ್ಡರ್‌ನಲ್ಲಿ ಆ ಗುರಿ ಇಡುವ ಕೆಲಸವನ್ನು ವಾದ್ಯ ಮಾಡಿದವನೇ ಮುಗಿಸಿಕೊಟ್ಟಿರುತ್ತಾನೆ. ಬಾಯಿ ತುದಿಯೊಳಗೆ ಸೀಡರ್ ಮರದ ಒಂದು ಬಿರಡೆ. ಅದರ ಮೇಲೆ ತೆಳ್ಳನೆಯ ಸಂದು. ಉಸಿರು ಆ ಸಂದಿನಲ್ಲಿ ಹಾಯ್ದು ಎದುರಿನ ಚೂಪು ಅಂಚಿಗೆ ಬಡಿದು ಎರಡಾಗುತ್ತದೆ. ಜಾತ್ರೆಯಲ್ಲಿ ಮಕ್ಕಳಿಗೆ ಕೊಡಿಸುವ ಸೀಟಿಯಲ್ಲೂ ಇದೇ ಉಪಾಯ. ಮುಂದೆ ಏಳು ತೂತು, ಹಿಂದೆ ಎಡ ಹೆಬ್ಬೆರಳಿಗೆ ಒಂದು.

‘ಹಂಗಾರ ಭಾಳ ಸರಳ ಆತಲ್ಲ’ ಅನ್ನುತ್ತಾರೆ ಕೊಳಲಿನವರು. ಸದ್ದು ಬರಿಸುವುದೇನೋ ಸರಳ. ಆದರೆ ತುಟಿಗೆ ಇಲ್ಲಿ ಕೆಲಸವೇ ಇಲ್ಲ, ಹಾಗಾಗಿ ತಪ್ಪಿದ್ದನ್ನು ತುಟಿಯಲ್ಲಿ ತಿದ್ದಿಕೊಳ್ಳಲೂ ಬರುವುದಿಲ್ಲ. ಸ್ವಲ್ಪ ಜೋರಾಗಿ ಊದಿದರೆ ಶ್ರುತಿ ಏರುತ್ತದೆ, ಮೆಲ್ಲಗೆ ಊದಿದರೆ ಇಳಿಯುತ್ತದೆ. ಎಲ್ಲವೂ ಉಸಿರಿನ ಮೇಲೆಯೇ ನಿಂತಿದೆ.

ದಪ್ಪ ದನಿ ಅಂದ್ರೆ ಎಷ್ಟು ದಪ್ಪ?

ರೆಕಾರ್ಡರ್ ಅನ್ನುವುದು ಒಂಟಿ ವಾದ್ಯ ಅಲ್ಲ, ಒಂದು ಮನೆತನ. ಸೊಪ್ರಾನೊ ಮಗು, ಆಲ್ಟೊ ಅದರಕ್ಕ, ಆಮೇಲೆ ಟೆನರ್, ಬೇಸ್, ಗ್ರೇಟ್ ಬೇಸ್, ಕಾಂಟ್ರಾಬೇಸ್. ಅದಕ್ಕೂ ಕೆಳಗೆ ಮೂರು ಮೀಟರ್ ಉದ್ದದ ಮುತ್ತಜ್ಜನೂ ಇದ್ದಾನೆ. ಒಂದರ ತಳದ ಸ್ವರ ಸಿ (ಪಾಶ್ಚಾತ್ಯರು ಸ್ವರಗಳಿಗೆ ಇಟ್ಟ ಅಕ್ಷರದ ಹೆಸರು) ಆದರೆ ಮುಂದಿನದರದ್ದು ಎಫ್, ಮತ್ತೆ ಸಿ, ಮತ್ತೆ ಎಫ್, ಹೀಗೆ ಮೆಟ್ಟಿಲು ಇಳಿಯುತ್ತವೆ.

ಅಂದಾಜಿಗೆ ಒಂದು ಹೋಲಿಕೆ ಕೊಡುತ್ತೇನೆ. ಹಿಂದೂಸ್ತಾನಿಯವರು ನುಡಿಸುವ ಇ ಶ್ರುತಿಯ ದೊಡ್ಡ ಬಾನ್ಸುರಿಯಲ್ಲಿ ಎಲ್ಲ ತೂತು ಮುಚ್ಚಿದರೆ ಬರುವುದು ಮಂದ್ರ ಪಂಚಮ, ಸುಮಾರು 247 ಹರ್ಟ್ಜ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ಟೆನರ್ ರೆಕಾರ್ಡರ್‌ನ ತಳದ ಸ್ವರ 262 ಹರ್ಟ್ಜ್, ಅಂದರೆ ಬಾನ್ಸುರಿಗಿಂತ ಅರ್ಧ ಸ್ವರ ಮೇಲೆ, ಬಹುತೇಕ ನೆರೆಮನೆ. ಬೇಸ್ ಅಲ್ಲಿಂದ 175ಕ್ಕೆ ಇಳಿಯುತ್ತದೆ. ಆ ಬಾನ್ಸುರಿಯವರ ಲೆಕ್ಕದಲ್ಲಿ ಅದು ಮಂದ್ರ ಷಡ್ಜದ ಹೊಸ್ತಿಲು. ಗ್ರೇಟ್ ಬೇಸ್ 131, ಕಾಂಟ್ರಾಬೇಸ್ 87.

ಉದ್ದದ ಲೆಕ್ಕವೂ ಇದರಿಂದಲೇ ಬರುತ್ತದೆ. ಎರಡೂ ತುದಿ ತೆರೆದ ಕೊಳವೆಯಲ್ಲಿ ನಿಲ್ಲುವುದು ಅರ್ಧ ಅಲೆ. 175 ಹರ್ಟ್ಜ್‌ನ ಅಲೆ ಗಾಳಿಯಲ್ಲಿ ಹತ್ತಿರಹತ್ತಿರ ಎರಡು ಮೀಟರ್ ಉದ್ದ, ಆದ್ದರಿಂದ ಬೇಸ್‌ನ ಕೊಳವೆ ಒಂದು ಮೀಟರ್. ಕಾಂಟ್ರಾಬೇಸ್‌ಗೆ ಅದರ ಎರಡರಷ್ಟು.

ಇಲ್ಲಿ ಶಾಲೆ ಮಕ್ಕಳು ಕೀಚ್ ಅಂತ ಊದ್ತಾರಲ್ಲ, ಅದೇನಾ?

ಅದೇ ಕುಲ. ಯುರೋಪಿನ ಎಷ್ಟೋ ಮನೆಗಳಲ್ಲಿ ರೆಕಾರ್ಡರ್ ಅಂದರೆ ಜನ ಮುಖ ಕಿವುಚುವುದು ಏಳೆಂಟು ವರ್ಷದ ಮಕ್ಕಳ ಕೈಯ ಸೊಪ್ರಾನೊ ನೆನಪಾಗಿ. ಮೂವತ್ತು ಮಕ್ಕಳು ಒಂದೇ ಕೋಣೆಯಲ್ಲಿ ಜೋರಾಗಿ ಊದಿದರೆ ಯಾವ ವಾದ್ಯದ ಮಾನವೂ ಉಳಿಯುವುದಿಲ್ಲ. ಅಂಥವರ ಎದುರು ಬೇಸ್‌ನ ಒಂದೇ ಒಂದು ಸ್ವರ ಊದಿ ತೋರಿಸಿದರೆ ಸಾಕು, ‘ಇದೂ ಅದೇನಾ?’ ಅನ್ನುತ್ತಾರೆ.

ಸರಿ, ಅದರಲ್ಲಿ ಅಂಥಾ ಸುಖ ಏನಿದೆ?

ಧಾರವಾಡದಲ್ಲಿ ನಮ್ಮ ಹಿಂದಿನ ಮನೆಯಲ್ಲಿ ಹಾಡುವವರೊಬ್ಬರು ಇದ್ದರು. ಬೆಳಗಿನ ಐದಕ್ಕೆ ಎದ್ದು ಖರ್ಜ ಹಚ್ಚುತ್ತಿದ್ದರು. ಅದಕ್ಕೆ ರಾಗವೂ ಇಲ್ಲ, ತಾಳವೂ ಇಲ್ಲ. ಮಂದ್ರದ ಒಂದು ಷಡ್ಜ, ಉಸಿರು ಮುಗಿಯುವವರೆಗೆ; ಮತ್ತೆ ಉಸಿರು, ಮತ್ತೆ ಅದೇ. ಹೊದಿಕೆಯೊಳಗೆ ಮಲಗಿದ್ದ ನನಗೆ ಅದು ಕಿವಿಗಿಂತ ಮೊದಲು ಗೋಡೆಗೆ ಕೇಳಿಸುತ್ತಿತ್ತು ಅಂತ ಅನ್ನಿಸುತ್ತಿತ್ತು. ಬೇಸ್ ರೆಕಾರ್ಡರ್ ಮೊದಲ ಸಲ ಊದಿದಾಗ ಮೂವತ್ತು ವರ್ಷದ ಹಿಂದಿನ ಆ ಗೋಡೆ ನೆನಪಾಯಿತು. ಕೊಳವೆ ಬೆರಳ ತುದಿಯಲ್ಲಿ ನಡುಗುತ್ತದೆ. ಎಡ ಹೆಬ್ಬೆರಳಿಗೆ ಅದು ಮೊದಲು ಗೊತ್ತಾಗುತ್ತದೆ, ಆಮೇಲೆ ಎದೆಗೆ ಒರಗಿದ ಜಾಗಕ್ಕೆ.

ದನಿಯ ಸ್ವಭಾವವೂ ಬೇರೆ. ರೆಕಾರ್ಡರ್‌ನ ನಾದದಲ್ಲಿ ಮೂಲ ಸ್ವರವೇ ದೊಡ್ಡದು, ಅದರ ಮೇಲೆ ಹುಟ್ಟುವ ಮರಿಸ್ವರಗಳು ಕಡಿಮೆ. ಶಹನಾಯಿಯಲ್ಲಿ ಇದಕ್ಕೆ ತೀರಾ ಉಲ್ಟಾ: ಅಲ್ಲಿ ಮರಿಸ್ವರಗಳದ್ದೇ ಗದ್ದಲ, ಅದಕ್ಕೇ ಅದು ಮದುವೆ ಮಂಟಪದಿಂದ ಬೀದಿಯ ಕೊನೆಗೂ ಕೇಳುತ್ತದೆ. ಬೇಸ್ ರೆಕಾರ್ಡರ್ ಪಕ್ಕದ ಕೋಣೆಗೂ ಸರಿಯಾಗಿ ಹೋಗದು. ಅದಕ್ಕೆ ಅಂಚು ಅನ್ನುವುದೇ ಇಲ್ಲ. ತಣ್ಣಗಾದ ಗಾಜಿಗೆ ಬಾಯಿಂದ ಹಾ ಅಂತ ಉಸಿರು ಬಿಡುತ್ತೇವಲ್ಲ, ಆ ಉಸಿರಿಗೆ ಸ್ವರ ಬಂದರೆ ಹೇಗಿರುತ್ತದೋ ಹಾಗೆ.

ಇನ್ನೊಂದು ಸುಖ ಹೇಳಿದರೆ ನಗಬೇಡಿ. ಕೆಳಗಿನ ಸ್ವರ ತಕ್ಷಣ ಬರುವುದಿಲ್ಲ. ನಾಲಿಗೆ ಬಿಟ್ಟ ಮೇಲೆ ಅಷ್ಟು ಉದ್ದದ ಗಾಳಿಕಂಬ ಎದ್ದು ನಿಲ್ಲಲು ಒಂದು ಕ್ಷಣ ಬೇಕು. ದಿನವಿಡೀ ಕೀ ಒತ್ತಿದ ಕೂಡಲೇ ಪರದೆ ಬದಲಾಗಬೇಕು ಅಂತ ದುಡಿಯುವ ನನಗೆ, ಕೇಳಿದ್ದನ್ನು ತನ್ನ ವೇಳೆಗೆ ಕೊಡುವ ವಸ್ತು ಕೈಯಲ್ಲಿರುವುದೇ ಒಂದು ಹಿತ. ವೇಗದ ಹಾಡಿನಲ್ಲಿ ಈ ನಿಧಾನದಿಂದಲೇ ಬೈಸಿಕೊಂಡದ್ದೂ ಉಂಟು.

‘ಒಲಿ ಊದೂ ಊದುಗೊಳವಿ ಹಂಗ ಕಾಣತದಲ್ಲೋ?’

ಅವ್ವನ ಪ್ರಶ್ನೆ. ಹೌದು ಅವ್ವ, ಕಾಣತದ. ಗಾಳಿ ಖರ್ಚೂ ಅಷ್ಟೇ.

ಅಷ್ಟು ದೊಡ್ಡ ಕೊಳವೆಗೆ ಉಸಿರು ಸಾಲುತ್ತಾ?

ಎಲ್ಲರೂ ತಪ್ಪು ತಿಳಿಯುವುದು ಇಲ್ಲಿಯೇ. ದೊಡ್ಡ ರೆಕಾರ್ಡರ್‌ಗೆ ಗಾಳಿ ಜಾಸ್ತಿ ಬೇಕು, ಒತ್ತಡ ಕಡಿಮೆ ಬೇಕು. ಬಲೂನು ಊದುವ ಹಾಗೆ ಅಲ್ಲ, ಬಿಸಿ ಕಾಫಿಯನ್ನು ಫೂ ಅಂತ ಆರಿಸುವ ಹಾಗೂ ಅಲ್ಲ. ಗಂಟಲು ತೆರೆದು, ಬೆಚ್ಚಗೆ, ಅಗಲವಾಗಿ ಬಿಡುವ ಉಸಿರು. ಹೊಸಬರು ದೊಡ್ಡ ವಾದ್ಯ ಕಂಡು ದೊಡ್ಡದಾಗಿ ಊದುತ್ತಾರೆ, ಸ್ವರ ಒಡೆದು ಒಂದು ಸ್ಥಾಯಿ ಮೇಲಕ್ಕೆ ಹಾರುತ್ತದೆ, ‘ನನ್ನ ಶ್ವಾಸಕೋಶ ಸಾಲದು’ ಅಂತ ಕೈಬಿಡುತ್ತಾರೆ. ನಿಜಕ್ಕೂ ಬೇಕಾದದ್ದು ಇದರ ಉಲ್ಟಾ.

ಗಾಳಿ ಬೇಗ ಖಾಲಿಯಾಗುವುದು ಮಾತ್ರ ಸುಳ್ಳಲ್ಲ. ಸೊಪ್ರಾನೊದವರು ಒಂದೇ ಉಸಿರಿನಲ್ಲಿ ದಾಟುವ ಸಾಲಿಗೆ ನನಗೆ ಎರಡೋ ಮೂರೋ ಉಸಿರು ಬೇಕು. ಎಲ್ಲಿ ಉಸಿರು ತೆಗೆಯಬೇಕು ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ನನ್ನ ಹಾಳೆಯಲ್ಲಿ ಸ್ವರಕ್ಕಿಂತ ಈ ಗುರುತೇ ಹೆಚ್ಚು. ಮೊದಮೊದಲು ತಲೆ ಹಗುರವಾಗಿ ಸುತ್ತು ಬರುವುದುಂಟು. ಆಗ ಕೆಳಗಿಟ್ಟು ನೀರು ಕುಡಿದು ಬನ್ನಿ.

ಬೆರಳು ಮುಟ್ಟುತ್ತಾ? ನನ್ನ ಕೈ ಸಣ್ಣದು.

ಟೆನರ್‌ಗೆ ಕೈ ಸ್ವಲ್ಪ ಚಾಚಬೇಕು. ಬಹಳ ಟೆನರ್‌ಗಳಲ್ಲಿ ಕಿರುಬೆರಳಿಗೆ ಒಂದು ಕೀಲಿ, ಅಂದರೆ ಒತ್ತಿದರೆ ದೂರದ ತೂತನ್ನು ಮುಚ್ಚುವ ಮುಚ್ಚಳ, ಇರುತ್ತದೆ. ಬೇಸ್‌ನಲ್ಲಿ ದೂರದ ತೂತುಗಳಿಗೆಲ್ಲ ಲೋಹದ ಕೀಲಿಗಳಿರುವುದರಿಂದ, ನಂಬಿದರೆ ನಂಬಿ, ಕೆಲವರಿಗೆ ಟೆನರ್‌ಗಿಂತ ಬೇಸೇ ಆರಾಮ. ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಸಣ್ಣ ಕೈಯ ಅಜ್ಜಿ ಊದುವುದು ಗ್ರೇಟ್ ಬೇಸ್.

ಬಾಯಿ ಇಡುವ ಬಗೆ ಎರಡು. ಮೇಲಿನ ತುದಿಯಿಂದ ಎಸ್ ಆಕಾರದ ಲೋಹದ ನಳಿಗೆ ಬಾಯಿಗೆ ಬಾಗಿ ಬರುವುದು ಒಂದು; ನೇರ ತುದಿಗೇ ಬಾಯಿ ಇಡುವುದು ಇನ್ನೊಂದು. ಗಿಡ್ಡ ತೋಳಿನವರಿಗೆ ನಳಿಗೆಯದೇ ಸರಿ. ಕುತ್ತಿಗೆ ಬಾಗಿಸಿ ಮಾಡಿದ ಬೇಸ್‌ಗಳೂ ಸಿಗುತ್ತವೆ, ನನ್ನದು ಅಂಥದ್ದು. ಭಾರ ಹೊರಲು ಕತ್ತಿಗೊಂದು ಪಟ್ಟಿ ಇರುತ್ತದೆ. ಒಂದು ಗಂಟೆಯ ಮೇಲೆ ಕತ್ತು ನೋಯುತ್ತದೆ, ಅದರ ಬಗ್ಗೆ ಸುಳ್ಳು ಹೇಳುವುದಿಲ್ಲ. ನಾನು ಪಟ್ಟಿ ಬಿಟ್ಟು ವಾದ್ಯದ ಬುಡವನ್ನು ಮರದ ಸ್ಟೂಲಿನ ಮೇಲೆ ಊರುತ್ತೇನೆ.

ಯೂಟ್ಯೂಬಿನಲ್ಲಿ ಚೌಕನೆಯ ಮರದ ಪೆಟ್ಟಿಗೆ ಊದೋದು ನೋಡಿದೆ. ಅದೂ ಇದೇನಾ?

ಇದೇ. ಹರ್ಬರ್ಟ್ ಪೆಟ್ಸೋಲ್ಡ್ ಎಂಬ ಜರ್ಮನ್ ತಯಾರಕ 1970ರ ದಶಕದಲ್ಲಿ ರೂಪಿಸಿದ ಬಗೆ. ಎರಡು ಮೀಟರ್ ಉದ್ದದ ಮರವನ್ನು ದುಂಡಗೆ ಕಡೆದು, ಒಳಗೆ ನೇರಕ್ಕೆ ತೂತು ಕೊರೆಯುವುದು ತ್ರಾಸಿನ ಕೆಲಸ, ದುಬಾರಿ ಕೆಲಸ. ಗಾಳಿಗೆ ಕೊಳವೆ ದುಂಡಗಿದ್ದರೇನು, ಚೌಕವಿದ್ದರೇನು? ಚರ್ಚಿನ ಆರ್ಗನ್‌ನ ಮರದ ಕೊಳವೆಗಳು ಮೊದಲಿನಿಂದಲೂ ಚೌಕವೇ. ಹಾಗಾಗಿ ಪ್ಲೈವುಡ್ ಹಲಗೆ ಜೋಡಿಸಿ, ಹಾದಿಯನ್ನು ಮಡಚಿ, ದೊಡ್ಡ ದೊಡ್ಡ ಮರದ ಮುಚ್ಚಳಗಳನ್ನೇ ಕೀಲಿಯಾಗಿಸಿದರು. ನೋಡಲು ಬಡಗಿಯ ಅಂಗಡಿಯಲ್ಲಿ ಅರ್ಧಕ್ಕೆ ಬಿಟ್ಟ ಕಪಾಟಿನ ಹಾಗಿದೆ. ಕೀಲಿ ಮುಚ್ಚಿದಾಗ ಬರುವ ಟಪ್ ಟಪ್ ಸದ್ದನ್ನೇ ಈಗಿನ ರಚನೆಕಾರರು ತಾಳವಾದ್ಯದಂತೆ ಬಳಸುತ್ತಾರೆ. ಇಟಲಿಯ ಫೌಸ್ಟೊ ರೊಮಿಟೆಲ್ಲಿ 1994ರಲ್ಲಿ ಮೈಕ್ ಹಚ್ಚಿದ ಇಂಥ ಕಾಂಟ್ರಾಬೇಸ್‌ಗೆಂದೇ ‘ಸೀಸ್ಕೇಪ್’ (ಕಡಲ ನೋಟ) ಬರೆದ. ಊದುವವರ ಉಸಿರೇ ಅದರಲ್ಲಿ ಕಡಲು.

ನಾನು ಒಮ್ಮೆ ಹತ್ತು ನಿಮಿಷ ಊದಿದ್ದೇನೆ. ಸದ್ದು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗದೆ ಎರಡು ಸಲ ಹಿಂದೆ ತಿರುಗಿ ನೋಡಿದೆ.

ಬೇಸ್ ಭಾಗ ಬೇಸರ ಆಗಲ್ವಾ? ರಾಗ ಎಲ್ಲಾ ಮೇಲಿನವರಿಗೇ ಅಲ್ವಾ?

ಇದಕ್ಕೆ ಉದ್ದ ಉತ್ತರ ಬೇಕು, ಯಾಕೆಂದರೆ ನನ್ನ ಇಡೀ ಹುಚ್ಚು ಇಲ್ಲಿಯೇ ಇದೆ.

ನಾವು ಹೆಚ್ಚು ಊದುವುದು 1599ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಆಂಟನಿ ಹಾಲ್ಬೋರ್ನ್‌ನ ನೃತ್ಯಗತ್ತುಗಳು. ಒಟ್ಟು 65, ಎಲ್ಲವೂ ಐದು ಭಾಗದವು; ನಾವೂ ಐದು ಜನ. ಅದರಲ್ಲಿನ ಪವಾನ್ ಎಂಬ ಬಗೆ ನಿಧಾನದ್ದು, ಮೆರವಣಿಗೆಯ ಹೆಜ್ಜೆಯದು. ಒಂದು ಖಂಡ ಮುಗಿಯುವ ಜಾಗ ನೋಡೋಣ. ಮೇಲಿನ ಇಬ್ಬರು ಒಬ್ಬರಿಗೊಬ್ಬರು ತಾಗುತ್ತಾ, ಜಗ್ಗುತ್ತಾ ಇದ್ದಾರೆ. ನಡುವಿನ ಇಬ್ಬರದ್ದು ಗೊಣಗು. ನಾನು ಸಿ ಸ್ವರದ ಮೇಲೆ ನಿಂತಿದ್ದೇನೆ. ಎಫ್ ಅನ್ನು ಷಡ್ಜ ಅಂತ ಇಟ್ಟುಕೊಂಡರೆ ಅದು ಪಂಚಮ. ಎಡಗೈಯ ಹೆಬ್ಬೆರಳು, ಮೂರು ಬೆರಳು ಮಾತ್ರ ಮುಚ್ಚಿವೆ, ಬಲಗೈ ಗಾಳಿಯಲ್ಲಿ. ಮೇಲಿನವರ ಜಗ್ಗಾಟ ಇನ್ನು ತಡೆಯದು ಅನ್ನುವ ಹೊತ್ತಿಗೆ ಬಲಗೈಯ ನಾಲ್ಕೂ ಬೆರಳು ಒಟ್ಟಿಗೆ ಇಳಿಯಬೇಕು, ಕಿರುಬೆರಳು ಕೀಲಿಯ ಮೇಲೆ. ಅದೇ ಕ್ಷಣಕ್ಕೆ ಉಸಿರು ಅರ್ಧಕ್ಕೆ ತಗ್ಗಬೇಕು. ಒಂದು ಬೆರಳು ಕೂದಲೆಳೆಯಷ್ಟು ತಡವಾದರೂ ಸ್ವರ ಕೀರಲಾಗುತ್ತದೆ. ಎಲ್ಲ ಸರಿಯಾದರೆ ತಳದ ಎಫ್ ಬರುತ್ತದೆ. ಪ ಇಂದ ಸ ಗೆ ಒಂದೇ ಇಳಿತ. ಮೇಲಿನ ನಾಲ್ವರು ಊದುತ್ತಿದ್ದ ಸ್ವರಗಳಿಗೆಲ್ಲ ಆಗ ಒಮ್ಮೆಗೇ ಅರ್ಥ ಬರುತ್ತದೆ. ಕೇಳುವವರು ಹೊಗಳುವುದು ಸೊಪ್ರಾನೊದವರನ್ನೇ. ಹೊಗಳಲಿ. ಆ ಎಫ್ ಬರದಿದ್ದರೆ ಏನಾಗುತ್ತಿತ್ತು ಅಂತ ನಮ್ಮ ಐವರಿಗೆ ಗೊತ್ತು.

ಶ್ರುತಿಯ ವಿಚಾರ ಇನ್ನೂ ಮಜಾ. ತಂಬೂರಿಯ ಖರ್ಜದ ತಂತಿ ಮೀಟಿ ಸುಮ್ಮನೆ ಕೂತರೆ ಯಾರೂ ಮೀಟದ ಗಾಂಧಾರವೊಂದು ತಾನಾಗಿ ಕೇಳಿಸುತ್ತದಲ್ಲ? ಅದು ಪಿಯಾನೊದ ಗಾಂಧಾರ ಅಲ್ಲ. ಅದಕ್ಕಿಂತ ಸುಮಾರು 14 ಸೆಂಟ್‌ನಷ್ಟು, ಅಂದರೆ ಅರ್ಧ ಸ್ವರದ ಏಳನೇ ಒಂದು ಪಾಲಿನಷ್ಟು ಕೆಳಗಿದೆ. ರೆಕಾರ್ಡರ್ ಗುಂಪಿನಲ್ಲಿ ಒಬ್ಬರು ಗಾಂಧಾರ ಹಿಡಿದಾಗ ಅವರು ಇಳಿಯಬೇಕಾದದ್ದು ಆ ತಂಬೂರಿಯ ಗಾಂಧಾರಕ್ಕೇ. ಅವರಿಗೆ ಜಾಗ ಸಿಗುವುದು ನನ್ನ ಷಡ್ಜ ಅಲುಗದಿದ್ದರೆ ಮಾತ್ರ. ಅವರು ಒಂದು ಬೆರಳನ್ನು ತೂತಿನ ಮೇಲೆ ನೆರಳಿನಂತೆ ಹಿಡಿದು ಸ್ವರವನ್ನು ಮೆಲ್ಲಗೆ ತಗ್ಗಿಸುತ್ತಾರೆ. ಗುಂಯ್ ಗುಂಯ್ ಅನ್ನುವ ಅಲುಗಾಟ ನಿಧಾನವಾಗಿ, ಇನ್ನೂ ನಿಧಾನವಾಗಿ, ನಿಂತೇ ಹೋಗುತ್ತದೆ. ಜರ್ಮನ್ ಹೆಂಗಸರು ಆಗ ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ. ‘ಹಚ್ಚಿದ್ದು ಕೂಡಿತು’ ಅಂತ ನನ್ನ ಬಾಯಿಗೆ ಬರುತ್ತದೆ. ಅದನ್ನು ಜರ್ಮನ್‌ನಲ್ಲಿ ಹೇಗೆ ಹೇಳಬೇಕೋ ಏಳು ವರ್ಷವಾದರೂ ಹೊಳೆದಿಲ್ಲ.

ಇದನ್ನೆಲ್ಲ ಹಿಂದೆ ಯಾರು ನುಡಿಸ್ತಿದ್ದರು?

ಅರಮನೆಗಳಲ್ಲಿ, ಸಂಬಳ ತೆಗೆದುಕೊಂಡು. 1511ರಲ್ಲಿ ಬಾಸೆಲ್‌ನಲ್ಲಿ ಅಚ್ಚಾದ ಸೆಬಾಸ್ಟಿಯನ್ ವಿರ್ಡುಂಗ್‌ನ ಪುಸ್ತಕದಲ್ಲೇ ಬೇಸ್ ರೆಕಾರ್ಡರ್‌ನ ಚಿತ್ರವಿದೆ, ಕೆಳಗಿನ ಕೀಲಿಗೆ ಕಾವಲಾಗಿ ತೂತು ತೂತಿನ ಮರದ ಡಬ್ಬಿ ಸಮೇತ. ಇಂಗ್ಲೆಂಡಿನ ಎಂಟನೇ ಹೆನ್ರಿ 1540ರ ಹೊತ್ತಿಗೆ ವೆನಿಸ್‌ನ ಬಸ್ಸಾನೊ ಮನೆತನದ ಅಣ್ಣತಮ್ಮಂದಿರನ್ನು ತನ್ನ ಆಸ್ಥಾನಕ್ಕೆ ಕರೆಸಿಕೊಂಡ. ಅವರು ವಾದ್ಯ ಮಾಡುವವರೂ ಹೌದು, ನುಡಿಸುವವರೂ ಹೌದು. ಹೆನ್ರಿ ಸತ್ತ 1547ರಲ್ಲಿ ಅವನ ಸೊತ್ತಿನ ಪಟ್ಟಿ ಮಾಡಿದಾಗ ಸಿಕ್ಕ ರೆಕಾರ್ಡರ್‌ಗಳು 76. ಹೆಂಡಂದಿರ ಲೆಕ್ಕದಲ್ಲಿ ಮಾತ್ರ ಅವನನ್ನು ನೆನೆಯುವುದು ಸ್ವಲ್ಪ ಅನ್ಯಾಯವೇ.

1619ರಲ್ಲಿ ಮಿಖಾಯೆಲ್ ಪ್ರೆಟೋರಿಯುಸ್ ಎಂಬ ಜರ್ಮನ್ ಸಂಗೀತಗಾರ ಇವುಗಳ ಗಾತ್ರಗಳನ್ನೆಲ್ಲ ಒಂದೊಂದಾಗಿ ಬರೆದಿಟ್ಟ. 21 ರೆಕಾರ್ಡರ್‌ಗಳ ಪೂರಾ ಸೆಟ್ಟು ವೆನಿಸ್‌ನಲ್ಲಿ ಸುಮಾರು 80 ಥಾಲರ್‌ಗೆ (ಆಗಿನ ಬೆಳ್ಳಿ ನಾಣ್ಯ) ಸಿಗುತ್ತದೆ ಅಂತ ದರವನ್ನೂ ಸೇರಿಸಿದ. ಲಂಡನ್ನಿನ ದಿನಚರಿಗಾರ ಸ್ಯಾಮ್ಯುಯೆಲ್ ಪೀಪ್ಸ್ 1668ರಲ್ಲಿ ನಾಟಕವೊಂದರ ಊದುವ ವಾದ್ಯಗಳ ಸಂಗೀತ ಕೇಳಿ ಮರುಳಾಗಿ, ತಾನೂ ಕಲಿಯಬೇಕು, ಹೆಂಡತಿಗೂ ಕಲಿಸಬೇಕು ಅಂತ ಬರೆದುಕೊಂಡ. ಒಂದೂವರೆ ತಿಂಗಳೊಳಗೆ ಒಂದು ರೆಕಾರ್ಡರ್ ಕೊಂಡೇ ಬಿಟ್ಟ.

ಆಮೇಲೆ ಸಭಾಂಗಣಗಳು ದೊಡ್ಡವಾದವು, ವಾದ್ಯವೃಂದಗಳು ಜೋರಾದವು, ಅಡ್ಡ ಕೊಳಲು ಗೆದ್ದಿತು. 18ನೇ ಶತಮಾನ ಮುಗಿಯುವ ಹೊತ್ತಿಗೆ ರೆಕಾರ್ಡರ್ ಅಟ್ಟ ಸೇರಿತ್ತು. ಮತ್ತೆ ಇಳಿಸಿದ್ದರಲ್ಲಿ ದೊಡ್ಡ ಪಾಲು ಇಂಗ್ಲೆಂಡಿನಲ್ಲಿ ನೆಲೆಸಿದ್ದ ಆರ್ನಾಲ್ಡ್ ಡಾಲ್ಮೆಚ್‌ನದು. 1919ರಲ್ಲಿ ಅವನ ಬಳಿಯಿದ್ದ ಹಳೆಯ ಆಲ್ಟೊ ಇದ್ದ ಚೀಲವನ್ನು ಮನೆಯವರು ವಾಟರ್ಲೂ ರೈಲು ನಿಲ್ದಾಣದಲ್ಲಿ ಮರೆತು ಬಂದರು. ಇನ್ನೊಂದು ಎಲ್ಲೂ ಸಿಗದು; ಅಳತೆಗಳು ಕೈಯಲ್ಲಿದ್ದವು; ತಾನೇ ಮಾಡಲು ಕೂತ. ಮುಂದಿನ ದಶಕದಲ್ಲಿ ಸೊಪ್ರಾನೊದಿಂದ ಬೇಸ್‌ವರೆಗಿನ ಪೂರಾ ಜೊತೆ ಮಾಡಿ, ಮಕ್ಕಳ ಕೈಗೆ ಕೊಟ್ಟು, ಹ್ಯಾಸಲ್ಮಿಯರ್ ಎಂಬ ಊರಿನ ತನ್ನ ಉತ್ಸವದಲ್ಲಿ ನುಡಿಸಿದ. ನನ್ನ ವಾದ್ಯವನ್ನು ರೈಲಿನಲ್ಲಿ ಮಡಿಲಲ್ಲೇ ಇಟ್ಟುಕೊಳ್ಳುವುದಕ್ಕೆ ಈ ಕಥೆಯೂ ಕಾರಣ.

ಬೇಸ್‌ಗಾಗಿ ಬೇರೆ ನೊಟೇಷನ್ ಕಲೀಬೇಕಾ?

ಬೇಸ್ ಕ್ಲೆಫ್, ಅಂದರೆ ಪಾಶ್ಚಾತ್ಯರು ಕೆಳಗಿನ ಸ್ವರಗಳನ್ನು ಬರೆಯುವ ಬಗೆ, ಓದಲು ಬರಬೇಕು. ಬರೆದದ್ದಕ್ಕಿಂತ ಒಂದು ಸ್ಥಾಯಿ ಮೇಲೆ ನುಡಿಯುತ್ತದೆ, ಅದರ ಚಿಂತೆ ನಿಮಗೆ ಬೇಡ. ಆಲ್ಟೊ ಬರುವವರಿಗೆ ಬೇಸ್‌ನ ಬೆರಳುಗಳು ಅವೇ. ಸೊಪ್ರಾನೊ ಬರುವವರಿಗೆ ಟೆನರ್, ಗ್ರೇಟ್ ಬೇಸ್. ಕಣ್ಣು ಹೊಂದಿಕೊಳ್ಳಲು ನನಗೆ ಎರಡು ತಿಂಗಳು ಹಿಡಿಯಿತು.

ನಮ್ಮ ಸಂಗೀತ ನುಡಿಸಬಹುದಾ?

ಹಾಡು ನುಡಿಸಬಹುದು, ರಾಗ ಕಷ್ಟ. ಬಾನ್ಸುರಿಯಲ್ಲಿ ಬೆರಳನ್ನು ತೂತಿನಿಂದ ಓರೆಯಾಗಿ ಸರಿಸುತ್ತಾ ಮೀಂಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರು, ಎಳೆಯುತ್ತೇವೆ. ಬೇಸ್‌ನ ಕೀಲಿಗೆ ಅರ್ಧ ತೆರೆಯುವುದು ಗೊತ್ತಿಲ್ಲ: ಒಂದೋ ಮುಚ್ಚಿದೆ, ಇಲ್ಲವೇ ತೆಗೆದಿದೆ. ಉಸಿರು ಏರಿಳಿಸಿ ಒಂದಿಷ್ಟು ಜಾರಬಹುದು, ಅದು ಗಮಕ ಅಲ್ಲ, ಗಮಕದ ಅಣಕು. ನಾನು ಭೂಪ ರಾಗದ ಆಲಾಪಕ್ಕೆ ಕೈಹಾಕಿ ನನ್ನ ಮೇಲೆ ನನಗೇ ನಾಚಿಕೆಪಟ್ಟಿದ್ದೇನೆ.

ಆದರೆ ದಾಸರ ಪದವೊಂದನ್ನು ಆಲ್ಟೊದವರಿಗೆ ಕಲಿಸಿ, ಕೆಳಗೆ ನಾನು ಬರೀ ಸ ಪ ಸ ಹಿಡಿದು ನಿಂತರೆ ಚೆನ್ನಾಗಿರುತ್ತದೆ. ನಮ್ಮ ಗುಂಪಿನ ಹೆಂಗಸರು ಅದಕ್ಕೆ ನಡುವಿನ ಭಾಗ ಬರೆದುಕೊಡು ಅಂತ ಒಂದೇ ಸಮನೆ ಕಾಡುತ್ತಿದ್ದಾರೆ. ನಾನು ಬರೆದಿಲ್ಲ, ಮನಸ್ಸು ಒಪ್ಪುತ್ತಿಲ್ಲ.

ಕೊಳ್ಳುವುದಾದರೆ ಮರದ್ದೋ ಪ್ಲಾಸ್ಟಿಕ್ಕೋ?

ಮೊದಲನೆಯದು ಪ್ಲಾಸ್ಟಿಕ್. ಹೇಳಲು ಮುಜುಗರ ಬೇಡ. ಯಮಾಹಾ, ಔಲೋಸ್, ಜೆನ್-ಆನ್ ಎಂಬ ಜಪಾನಿನ ಕಂಪನಿಗಳ ಪ್ಲಾಸ್ಟಿಕ್ ಬೇಸ್‌ಗಳು ಕೆಲವು ನೂರು ಯೂರೋಗೆ ಸಿಗುತ್ತವೆ, ಶ್ರುತಿಯಲ್ಲಿರುತ್ತವೆ, ಒದ್ದೆಯಾದರೂ ಸೀಳುವುದಿಲ್ಲ. ಮರದ್ದು ಸಾವಿರದಿಂದ ಮೇಲೆ. ಕಾಂಟ್ರಾಬೇಸ್ ಅಂದರೆ ಹಲವು ಸಾವಿರ, ಜೊತೆಗೆ ಮನೆಯಲ್ಲೊಂದು ಮೂಲೆ. ಹೊಸ ಮರದ ವಾದ್ಯವನ್ನು ಮೊದಲ ಕೆಲವು ವಾರ ದಿನಕ್ಕೆ ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ಊದಬಾರದು, ಮರ ತೇವಕ್ಕೆ ಹೊಂದಿಕೊಳ್ಳಬೇಕು. ಎಣ್ಣೆ ಹಚ್ಚುವಾಗ ಬಿರಡೆಗೆ ಮಾತ್ರ ತಾಗಿಸಬೇಡಿ, ಅದು ನೀರು ಹೀರಲಿಕ್ಕೇ ಇರುವುದು.

ಹಳೆಯದನ್ನು ಕೊಂಡರೆ ಮೊದಲು ಕೀಲಿಯ ಕೆಳಗಿನ ಮೆತ್ತೆಗಳನ್ನು ನೋಡಿ. ನಾನು ಸೆಕೆಂಡ್‌ಹ್ಯಾಂಡ್ ಬೇಸ್ ಒಂದನ್ನು ಅಗ್ಗಕ್ಕೆ ತಂದು, ತಳದ ಸ್ವರ ಬರದೆ, ತಪ್ಪು ನನ್ನದೇ ಅಂತ ನಾಲ್ಕು ತಿಂಗಳು ಉಸಿರು ತಿದ್ದಿದೆ. ಕೊನೆಗೆ ರಿಪೇರಿಯವರು ಮೆತ್ತೆಗೂ ತೂತಿಗೂ ನಡುವೆ ತೆಳು ಕಾಗದದ ಚೂರಿಟ್ಟು ಎಳೆದರು. ಹಿಡಿತವೇ ಇಲ್ಲದೆ ಸರ್ರನೆ ಬಂತು. ಸೋರುತ್ತಿದ್ದದ್ದು ಅಲ್ಲಿ. ಈ ಕಾಗದದ ಪರೀಕ್ಷೆ ನೀವೂ ಅಂಗಡಿಯಲ್ಲೇ ಮಾಡಬಹುದು.

ನುಡಿಸ್ತಾ ಇದ್ದ ಹಾಗೆ ದನಿ ಕಟ್ಟಿಕೊಳ್ಳುತ್ತೆ, ಯಾಕೆ?

ಉಸಿರಿನ ಆವಿ ತಣ್ಣನೆಯ ಸಂದಿನಲ್ಲಿ ನೀರಾಗಿ ಕೂರುತ್ತದೆ. ಚಳಿದೇಶದಲ್ಲಿ ಇದು ದೊಡ್ಡ ಪೀಡೆ. ಊದುವ ಮೊದಲು ತಲೆಭಾಗವನ್ನು ಕಂಕುಳಲ್ಲೋ ಕೋಟಿನೊಳಗೋ ಹತ್ತು ನಿಮಿಷ ಬೆಚ್ಚಗಿಡಬೇಕು. ಒಂದು ಡಿಸೆಂಬರ್‌ನಲ್ಲಿ, ಹೀಟರ್ ಕೆಟ್ಟ ಚರ್ಚಿನಲ್ಲಿ, ಈ ಹತ್ತು ನಿಮಿಷವನ್ನು ನಾನು ಹೊರಗೆ ಚಹಾ ಕುಡಿಯುತ್ತಾ ಕಳೆದೆ. ಮೂರನೇ ಸಾಲಿಗೆ ನನ್ನ ಬೇಸ್ ಗೊರಕೆ ಹೊಡೆಯಿತು, ನಾಲ್ಕನೆಯದಕ್ಕೆ ಮೂಕವಾಯಿತು. ಸಂದನ್ನು ಬಾಯಿಂದ ಒಳಗೆಳೆದು ನೀರು ತೆಗೆಯಬಹುದು, ಆದರೆ ಅದಕ್ಕೆ ಸೂ ಅಂತ ಸದ್ದಾಗುತ್ತದೆ, ಮುಂದಿನ ಸಾಲಿನಲ್ಲಿ ಪಾದ್ರಿ ಕೂತಿದ್ದರು. ಬೆರಳಾಡಿಸುತ್ತಾ ಊದುವವನ ಹಾಗೆ ನಟಿಸಿ ಮುಗಿಸಿದೆ. ಆಮೇಲೆ ಯಾರೋ ಬಂದು ‘ಬೇಸ್ ತುಂಬ ಹದವಾಗಿತ್ತು’ ಅಂದರು.

ಅಪಾರ್ಟ್‌ಮೆಂಟಿನಲ್ಲಿ ನೆರೆಯವರು ಬೈಯಲ್ವಾ?

ಏಳು ವರ್ಷದಲ್ಲಿ ಒಂದು ದೂರೂ ಇಲ್ಲ. ಮೇಲಿನ ಮನೆಯವರಿಗೆ ನಾನು ನುಡಿಸುತ್ತೇನೆ ಅನ್ನುವುದೇ ಗೊತ್ತಿರಲಿಲ್ಲ.

ಒಬ್ಬನೇ ನುಡಿಸಬಹುದಾ?

ಬಹುದು. ಜರ್ಮನ್ ರಚನೆಕಾರ ಸಿ.ಪಿ.ಇ. ಬಾಖ್ 18ನೇ ಶತಮಾನದಲ್ಲೇ ವಿಯೋಲಾ ಎಂಬ ತಂತಿವಾದ್ಯದ ಜೊತೆ ಬೇಸ್ ರೆಕಾರ್ಡರ್‌ಗೆ ಒಂದು ತ್ರಿವಾದ್ಯ ಬರೆದಿದ್ದಾನೆ. ಬೇಸ್ ರೆಕಾರ್ಡರನ್ನು ಹೀಗೆ ಮುಂದೆ ಕೂರಿಸಿದ ರಚನೆ ಆ ಕಾಲದಲ್ಲಿ ಅಪರೂಪ. ಮನೆಯಲ್ಲಿ ನಾನೊಬ್ಬನೇ ಉದ್ದ ಸ್ವರ ಊದುತ್ತೇನೆ, ಅದೂ ಸುಖವೇ. ಆದರೆ ಬರೀ ಒಬ್ಬರೇ ಊದುವ ಇರಾದೆ ಇದ್ದರೆ ಟೆನರ್ ತೆಗೆದುಕೊಳ್ಳಿ. ಬೇಸ್‌ಗೆ ಜನ ಬೇಕು.

ಕಲಿಯಲು ವಯಸ್ಸಾಯಿತಲ್ಲ?

ನಮ್ಮ ಗುಂಪಿನಲ್ಲಿ ನಾನೇ ಎಳೆಯವ. ನನಗೆ ನಲವತ್ತಾರು.

ಮೊದಲು ಏನು ಕೇಳಲಿ?

ಹೆಡ್‌ಫೋನ್ ಹಾಕಿಕೊಳ್ಳಿ, ಫೋನಿನ ಸ್ಪೀಕರ್‌ನಲ್ಲಿ ಈ ಸ್ವರಗಳು ಅರ್ಧಕ್ಕರ್ಧ ಬರುವುದೇ ಇಲ್ಲ. ಡಚ್ಚರ ‘ದ ರಾಯಲ್ ವಿಂಡ್ ಮ್ಯೂಸಿಕ್’ ಎಂಬ ತಂಡ 1997ರಲ್ಲಿ ಶುರುವಾದದ್ದು. ಗೇಣುದ್ದದ ರೆಕಾರ್ಡರ್‌ನಿಂದ ಮೂರು ಮೀಟರಿನದರವರೆಗೆ ಎಲ್ಲವನ್ನೂ ಊದುತ್ತಾರೆ, ಹಾಳೆ ನೋಡದೆ. ಅವರದ್ದು ಮೊದಲು. ಆಮೇಲೆ ‘ಆಮ್ಸ್ಟರ್ಡಾಂ ಲುಕಿ ಸ್ಟಾರ್ಡಸ್ಟ್ ಕ್ವಾರ್ಟೆಟ್’ನ ಹಳೆಯ ಧ್ವನಿಮುದ್ರಣಗಳು, ನಾಲ್ವರು ಒಂದೇ ಗಂಟಲಿನ ಹಾಗೆ ಕೂಡುತ್ತಾರೆ. ಮೊದಲ ಸಲ ಮೇಲಿನ ರಾಗ ಕೇಳಿ. ಎರಡನೇ ಸಲ ರಾಗವನ್ನು ಬಿಟ್ಟು, ತಳದವರ ಬೆನ್ನು ಹಿಡಿದು ಹೋಗಿ.

‘ಒಂದ್ ಸಲ ಊದಿ ತೋರಸೋ, ಕೇಳೂಣು.’

ತೋರಿಸಿದ್ದೇನೆ. ವಿಡಿಯೊ ಕಾಲ್‌ನಲ್ಲಿ ಅವ್ವನಿಗೆ ಇಡೀ ಪವಾನ್‌ನ ಬೇಸ್ ಭಾಗ ಊದಿದೆ, ಎರಡೂ ಸಲ ಮರುಕಳಿಸಿ, ಕಣ್ಣು ಮುಚ್ಚಿ. ಒಂದೇ ಸಮನೆ ನಿಲ್ಲುವ ಕೆಳದನಿಯನ್ನು ಈ ಫೋನುಗಳು ಫ್ಯಾನಿನ ಸದ್ದು ಅಂತ ತಿಳಿದು ಅಳಿಸಿಹಾಕುತ್ತವೆ ಅಂತ ಆಗ ಗೊತ್ತಿರಲಿಲ್ಲ. ಮುಗಿಸಿ ಕಣ್ಣು ತೆರೆದೆ. ಅವ್ವ ಕನ್ನಡಕ ಸರಿಮಾಡಿಕೊಂಡು ಪರದೆಗೆ ಹತ್ತಿರ ಬಂದಿದ್ದಳು.

‘ಬರೇ ಟಕ್ ಟಕ್ ಕೇಳಸ್ತು,’ ಅಂದಳು. ‘ಯಾವಾಗ ಶುರು ಮಾಡತೀ?’